ಭಗದ ಚರ್ಮರೋಗಗಳು: ಕಾರಣ, ರೋಗನಿದಾನ ಮತ್ತು ಆರೈಕೆ

ಸ್ತ್ರೀ ಜನನಾಂಗದ ಹೊರಭಾಗವಾದ ಭಗದ ಬಹುಪಾಲು ಚರ್ಮವೇ ಆಗಿರುವುದರಿಂದ ಇಸುಬು, ಸೋರಿಯಾಸಿಸ್, ತೊನ್ನು ಮುಂತಾಗಿ ಮೈಯ ಬೇರೆಡೆ ಬರುವ ರೋಗಗಳು ಅಲ್ಲಿಯೂ ಬರುತ್ತವೆ. ಆದರೆ ಮಡಿಕೆಗಳಿಂದ ಕೂಡಿದ ಆ ಜಾಗ ಸದಾ ತೇವವಾಗಿದ್ದು, ಬೆವರು, ಮೂತ್ರ ಮತ್ತು ಬಟ್ಟೆಯ ಉಜ್ಜಾಟಕ್ಕೆ ಒಳಗಾಗುವುದರಿಂದ ಅವುಗಳ ಚಹರೆ ಬದಲಾಗುತ್ತದೆ. ಮೊಣಕೈ ಮೇಲೆ ದಪ್ಪ ಹೊಟ್ಟೇಳುವ ಸೋರಿಯಾಸಿಸ್ ಇಲ್ಲಿ ಹೊಟ್ಟಿಲ್ಲದ ನುಣುಪಾದ ಕೆಂಪು ಪಟ್ಟೆಯಾಗಿ ಕಾಣುತ್ತದೆ. ಹೀಗಾಗಿ ಕಣ್ಣಿಟ್ಟು ನೋಡದೆ ಈ ಭಾಗದ ರೋಗನಿದಾನ ಸಾಧ್ಯವಿಲ್ಲ. ಆದರೂ ತುರಿಕೆ ಎಂದೊಡನೆ ಅದನ್ನು 'ಇನ್‌ಫೆಕ್ಷನ್' ಎಂದು ಭಾವಿಸಿ, ಪರೀಕ್ಷಿಸದೆಯೇ ಶಿಲೀಂಧ್ರನಾಶಕ ಮುಲಾಮು ಕೊಡುವ ರೂಢಿ ವ್ಯಾಪಕವಾಗಿದ್ದು, ಹಲವು ಹೆಂಗಸರ ವರ್ಷಗಳ ಯಾತನೆಗೆ ರೋಗಕ್ಕಿಂತ ಈ ರೂಢಿಯೇ ಹೆಚ್ಚು ಹೊಣೆಯಾಗಿದೆ.

ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಸಾಮಾನ್ಯವೆಂಬುದು ನಿಜ. ಆದರೆ ಅದು ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವವಿರುವ ವಯಸ್ಸಿನಲ್ಲಿ ಹೆಚ್ಚು. ಮೈನೆರೆಯದ ಹುಡುಗಿಯರಲ್ಲಿ ಮತ್ತು ಮುಟ್ಟು ನಿಂತವರಲ್ಲಿ, ಸಕ್ಕರೆ ಕಾಯಿಲೆಯಾಗಲಿ ಹಾರ್ಮೋನ್ ಚಿಕಿತ್ಸೆಯಾಗಲಿ ಇಲ್ಲದಿದ್ದರೆ, ಅದು ಅಪರೂಪವಾದ್ದರಿಂದ ಅಂಥವರ ತುರಿಕೆಗೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು. ಅತಿಯಾದ ಶುಚಿತ್ವವೂ ಅಂಥದೊಂದು ಕಾರಣ. ಸಾಬೂನು, ನಂಜುನಿರೋಧಕ ದ್ರವ, ಸುಗಂಧಭರಿತ ಪ್ಯಾಡು ಮತ್ತು ವೈಪ್ಸ್‌ಗಳು ಚರ್ಮದ ರಕ್ಷಕ ಪದರವನ್ನು ಕೆಡಿಸಿ ಸಂಪರ್ಕಜನ್ಯ ಇಸುಬನ್ನು ತರುತ್ತವೆ. ಉರಿ ಹೆಚ್ಚಿದಂತೆ ಹೆಂಗಸು ಇನ್ನಷ್ಟು ತೊಳೆಯುತ್ತಾಳೆ, ಕೆರೆದಷ್ಟೂ ಚರ್ಮ ದಪ್ಪಗಟ್ಟಿ ಮತ್ತೆ ತುರಿಸುತ್ತದೆ.

ತಪ್ಪು ನಿದಾನದ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಲೈಕನ್ ಸ್ಕ್ಲೆರೋಸಸ್‌ನಲ್ಲಿ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿಬೀಳುವುದರಿಂದ ಬರುವುದೆಂದು ನಂಬಲಾಗಿರುವ ಈ ದೀರ್ಘಕಾಲೀನ ಉರಿಯೂತವು ಮುಖ್ಯವಾಗಿ ಮುಟ್ಟು ನಿಂತವರನ್ನೂ ಎಳೆಯ ಹುಡುಗಿಯರನ್ನೂ ಕಾಡುತ್ತದೆ. ಥೈರಾಯ್ಡ್ ರೋಗ ಮತ್ತು ತೊನ್ನಿನೊಂದಿಗೆ ಇದಕ್ಕೆ ನಂಟುಂಟು, ಆದರೆ ಇದು ಅಂಟುರೋಗವಲ್ಲ. ರಾತ್ರಿ ನಿದ್ದೆಗೆಡಿಸುವ ನವೆ, ಭಗದಿಂದ ಗುದದ ಸುತ್ತಲಿನವರೆಗೆ ಹಬ್ಬುವ ಸುಕ್ಕುಗಟ್ಟಿದ ಬಿಳಿಚು, ಬಿರುಕು ಮತ್ತು ರಕ್ತದ ಕಲೆಗಳು ಇದರ ಗುರುತುಗಳು. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ. ಇಲ್ಲಿ ಚರ್ಮದ ಹೆಣಿಗೆಯೇ ಕೆಟ್ಟು, ಚಿಕಿತ್ಸೆ ತಡವಾದರೆ ಒಳತುಟಿಗಳು ಕರಗಿ ಅಂಟಿಕೊಂಡು, ಯೋನಿದ್ವಾರ ಕಿರಿದಾಗಿ, ಸಂಭೋಗ ಮತ್ತು ಮೂತ್ರವಿಸರ್ಜನೆಗಳು ನೋವಿನವಾಗುತ್ತವೆ. ಹೀಗೆ ಕಳೆದುಹೋದ ರಚನೆಯನ್ನು ಯಾವ ಮುಲಾಮೂ ಮರಳಿಸದು.

ಇದಕ್ಕೆ ಮೊದಲ ಚಿಕಿತ್ಸೆ 0.05% ಕ್ಲೊಬೆಟಸಾಲ್ ಪ್ರೊಪಿಯೊನೇಟ್ ಎಂಬ ಅತಿ ಪ್ರಬಲ ಸ್ಟೀರಾಯ್ಡ್ ಮುಲಾಮು. ಮೊದಲ ತಿಂಗಳು ದಿನಕ್ಕೊಮ್ಮೆ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆರಡು ಸಲ ತೆಳುವಾಗಿ ಹಚ್ಚುವುದು ಪ್ರಚಲಿತ ಕ್ರಮ. 30 ಗ್ರಾಂ ಟ್ಯೂಬು ಈ ಅವಧಿಗೆ ಸಾಕಾಗುತ್ತದೆ. ಭಾರತದ ಸಂದರ್ಭದಲ್ಲಿ ಇಲ್ಲೊಂದು ಗಂಭೀರ ತೊಡಕಿದೆ. ಇದೇ ಕ್ಲೊಬೆಟಸಾಲನ್ನು ಶಿಲೀಂಧ್ರನಾಶಕ ಮತ್ತು ಪ್ರತಿಜೀವಕಗಳೊಡನೆ ಬೆರೆಸಿದ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಗಳಲ್ಲಿ ಸಿಗುತ್ತಿರುವುದರಿಂದ, ತೊಡೆಸಂದಿನ ಗಜಕರ್ಣಕ್ಕೆ ಅವನ್ನು ಹಚ್ಚಿದವರಲ್ಲಿ ತುರಿಕೆ ಕೆಲದಿನ ಅಡಗಿ, ಶಿಲೀಂಧ್ರ ಮಾತ್ರ ಇನ್ನಷ್ಟು ಹರಡಿ, ಚರ್ಮ ತೆಳುವಾಗಿ ಬರೆಗಳೇಳುತ್ತವೆ. ಈ ದುರ್ಬಳಕೆಯ ವಿರುದ್ಧ ಚರ್ಮವೈದ್ಯರು ಕೊಡುವ ಎಚ್ಚರಿಕೆ ಯುಕ್ತವೇ. ಆದರೆ ಅದರಿಂದ ಹುಟ್ಟಿದ ಭಯವು ಲೈಕನ್ ಸ್ಕ್ಲೆರೋಸಸ್ ಇರುವ ಹೆಂಗಸಿನ ಕೈಯಿಂದ ಅವಶ್ಯವಾದ ಔಷಧವನ್ನೇ ಬಿಡಿಸಿದರೆ ಅದು ಇನ್ನೊಂದು ಬಗೆಯ ಹಾನಿ.

ಚಿಕಿತ್ಸೆಯನ್ನು ಮುಂದುವರಿಸುವುದರ ಮಹತ್ವಕ್ಕೆ 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನ ಆಧಾರವಾಗಿದೆ. ಅದರಲ್ಲಿದ್ದ 507 ಮಹಿಳೆಯರ ಪೈಕಿ ಸ್ಟೀರಾಯ್ಡ್ ಮುಲಾಮನ್ನು ಕ್ರಮವಾಗಿ ಬಳಸಿದ 357 ಮಂದಿಯಲ್ಲಿ ಯಾರಿಗೂ ಭಗದ ಕ್ಯಾನ್ಸರ್ ಬರಲಿಲ್ಲ. ಅರೆಬರೆಯಾಗಿ ಬಳಸಿದ 150 ಮಂದಿಯಲ್ಲಿ 7 ಮಂದಿಗೆ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಕಂಡುಬಂತು. ಆದ್ದರಿಂದ ನವೆ ನಿಂತ ಮೇಲೂ ವೈದ್ಯರ ಸಲಹೆಯಂತೆ ಮುಲಾಮನ್ನು ಮುಂದುವರಿಸಿ, ಬರಿಯ ನೀರಿನಿಂದ ತೊಳೆದು, ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಸವರಿ, ಸಡಿಲವಾದ ಹತ್ತಿಯ ಒಳಉಡುಪು ಧರಿಸುವುದು ದಿನನಿತ್ಯದ ಆರೈಕೆಯಾಗುತ್ತದೆ. ಮಾಯದ ಹುಣ್ಣು, ಗಟ್ಟಿಯಾದ ಗಂಟು ಅಥವಾ ಚಿಕಿತ್ಸೆಗೆ ಜಗ್ಗದ ದಪ್ಪ ಬಿಳಿ ಪಟ್ಟೆ ಕಂಡರೆ ಚರ್ಮದ ಚೂರು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಿಸಲು ತಡಮಾಡಬಾರದು. ಎಳೆಯ ಹುಡುಗಿಯರಲ್ಲಿ ಈ ರೋಗದ ರಕ್ತದ ಕಲೆಗಳನ್ನು ಲೈಂಗಿಕ ದೌರ್ಜನ್ಯದ ಗುರುತೆಂದು ತಪ್ಪಾಗಿ ಬಗೆಯುವುದೂ ಉಂಟಾದ್ದರಿಂದ, ಮಕ್ಕಳ ವೈದ್ಯರಿಗೂ ಇದರ ಪರಿಚಯವಿರಬೇಕು. ಹಾಗೆಂದು ಕಲೆಗೆ ರೋಗವೇ ಕಾರಣವೆಂದು ಗೊತ್ತಾದ ಮಾತ್ರಕ್ಕೆ ದೌರ್ಜನ್ಯದ ಸಾಧ್ಯತೆಯನ್ನು ವಿಚಾರಿಸದೆ ಕೈಬಿಡುವಂತೆಯೂ ಇಲ್ಲ.