ನ್ಯೂರೆಂಬರ್ಗ್ ನಾಟಕವೂ ಅಡಗಿಸಲ್ಪಟ್ಟ ಶಬ್ದವೂ

ಕ್ರಿ.ಶ. 1959ನೆಯ ಏಪ್ರಿಲ್ 16ರಂದು ಅಮೆರಿಕಾ ದೇಶದ ಸಿ.ಬಿ.ಎಸ್. ದೂರದರ್ಶನ ಸಂಸ್ಥೆಯು ‘ಪ್ಲೇಹೌಸ್ 90’ ಎಂಬ ಮಾಲಿಕೆಯಲ್ಲಿ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ ಎಂಬ ನಾಟಕವನ್ನು ನೇರವಾಗಿ ಪ್ರಸಾರಮಾಡಿತು. ಇದರ ಕರ್ತೃ ಆಬಿ ಮನ್. ನಿರ್ದೇಶಕ ಜಾರ್ಜ್ ರಾಯ್ ಹಿಲ್. ಇದೇ ವಸ್ತುವನ್ನುಳ್ಳ 1961ರ ಚಲಚ್ಚಿತ್ರವು ಲೋಕಪ್ರಸಿದ್ಧವಾದುದರಿಂದ ಮೂಲಕೃತಿಯು ಮರೆಯಲ್ಲಿ ನಿಂತಿದೆ. ಆದರೆ ಇತಿಹಾಸಾಭ್ಯಾಸಿಗೆ ಆ ಮೊದಲ ಪ್ರಸಾರವೇ ಹೆಚ್ಚು ಬೋಧಪ್ರದವೆಂದು ನಮ್ಮ ಅಭಿಪ್ರಾಯ.

ನಾಟಕಕ್ಕೆ ಆಧಾರವಾದುದು 1947ರ ಮಾರ್ಚಿಯಿಂದ ಡಿಸೆಂಬರಿನವರೆಗೆ ನ್ಯೂರೆಂಬರ್ಗ್ ನಗರದಲ್ಲಿ ನಡೆದ ವಿಚಾರಣೆ. ಆರೋಪಿಗಳು 16 ಮಂದಿ. ಎಲ್ಲರೂ ಹಿಟ್ಲರನ ರಾಜ್ಯದಲ್ಲಿ ನ್ಯಾಯಾಧೀಶರೋ ನ್ಯಾಯಶಾಖೆಯ ಅಧಿಕಾರಿಗಳೋ ಆಗಿದ್ದವರು. ಇವರು ತಮ್ಮ ಕೈಯಿಂದ ಯಾರನ್ನೂ ಕೊಂದರೆಂಬುದು ಅಲ್ಲಿನ ಆಪಾದನೆಯಲ್ಲ. ಶಾಸನದ ವೇಷದಲ್ಲಿ ಕೊಲೆಗೆ ಅನುಮತಿಯಿತ್ತರೆಂಬುದೇ ಆಪಾದನೆ. ಇವರಲ್ಲಿ ಪ್ರಮುಖನಾದ ಫ್ರಾನ್ಸ್ ಶ್ಲೇಗೆಲ್‌ಬರ್ಗರನು 1941ರ ಜನವರಿಯಿಂದ 1942ರ ಆಗಸ್ಟಿನವರೆಗೆ ಹಂಗಾಮಿ ನ್ಯಾಯಮಂತ್ರಿಯಾಗಿದ್ದನು. ತಾನು ಪದವಿಯನ್ನು ತ್ಯಜಿಸಿದ್ದರೆ ಇನ್ನೂ ಕ್ರೂರನಾದವನು ಆ ಪೀಠಕ್ಕೆ ಬರುತ್ತಿದ್ದನೆಂಬುದು ಅವನ ಸಮಾಧಾನ. ಇದು ಪೊಳ್ಳು ಮಾತೆಂದು ತಳ್ಳಿಬಿಡುವಂತಿಲ್ಲ. ಅವನ ತರುವಾಯ ಬಂದ ಟೀರಾಕನು ನಿಜವಾಗಿಯೂ ಅವನಿಗಿಂತ ಘೋರನಾಗಿದ್ದನು. ಆದರೂ ನ್ಯಾಯಮಂಡಲಿಯು, ಅವನನ್ನು ದುರಂತವ್ಯಕ್ತಿಯೆಂದು ಕರೆದೂ, ಯಾವಜ್ಜೀವ ಕಾರಾಗೃಹವಾಸವನ್ನು ವಿಧಿಸಿತು. ಮುಂದಿನ ಕ್ರೌರ್ಯವನ್ನು ತಡೆಯುವ ಆಸೆಯಿಂದ ಇಂದಿನ ಕ್ರೌರ್ಯಕ್ಕೆ ಸಹಿಹಾಕಬಹುದೇ ಎಂಬ ಈ ಧರ್ಮಸಂಕಟವೇ ನಾಟಕದ ಜೀವ.

ಇನ್ನು ಪ್ರಸಾರದ ವೃತ್ತಾಂತ. ಆ ರಾತ್ರಿ ಜಾಹೀರಾತಿನ ಹಣವನ್ನೊದಗಿಸಿದವರಲ್ಲಿ ಅಡಿಗೆಯ ಅನಿಲವನ್ನು ಮಾರುವ ಉದ್ಯಮಿಗಳ ಸಂಘವೂ ಇದ್ದಿತು. ಯಾತನಾಶಿಬಿರಗಳ ಪ್ರಸ್ತಾಪದಲ್ಲಿ ‘ಗ್ಯಾಸ್’ ಎಂಬ ಶಬ್ದವು ಕೇಳಿಸಕೂಡದೆಂದು ಅವರ ಒತ್ತಾಯ, ಸಂಸ್ಥೆಯವರು ಒಪ್ಪಿದರು. ನಟರು ಶಬ್ದವನ್ನು ಬಿಡದೆ ನುಡಿದರು. ಯಂತ್ರದ ಮುಂದೆ ಕುಳಿತವನು ಆ ಕ್ಷಣಕ್ಕೆ ಧ್ವನಿಯನ್ನು ಕಡಿದನು. ನ್ಯಾಯಾಧೀಶನ ಪಾತ್ರವನ್ನು ವಹಿಸಿದ್ದ ಕ್ಲಾಡ್ ರೇನ್ಸನ ತುಟಿಗಳು ಅಲುಗಿದುವು, ಮಾತು ಮಾತ್ರ ಕೇಳಲಿಲ್ಲ. (ಆಷ್‌ವಿಟ್ಸಿನಲ್ಲಿ ಬಳಸಿದುದು ಸಯನೈಡ್ ವಿಷ, ಟ್ರೆಬ್ಲಿಂಕಾದಲ್ಲಿ ಎಂಜಿನ್ನಿನ ಹೊಗೆ, ಅಡಿಗೆಯ ಒಲೆಗೂ ಇವಕ್ಕೂ ಸಂಬಂಧವೇ ಇಲ್ಲ.) ಪತ್ರಿಕೆಗಳು ಇದನ್ನು ಬಯಲಿಗೆಳೆದುವು.

ಶಿಬಿರಗಳ ಪಾತಕದೊಡನೆ ಈ ಅಲ್ಪಕಾರ್ಯವನ್ನು ತೂಗುವುದು ಅವಿವೇಕವೆನಿಸೀತು. ಆದರೂ ಒಲ್ಲದ ಆಜ್ಞೆಗೆ ತಲೆಬಾಗುವವರ ವಿಷಯವಾದ ನಾಟಕದಲ್ಲಿಯೇ ಇದು ನಡೆದುದನ್ನು ಚರಿತ್ರಕಾರನು ಗುರುತುಹಾಕಿಕೊಳ್ಳದೆ ಇರಲಾರನು. ಶ್ಲೇಗೆಲ್‌ಬರ್ಗರನಾದರೋ ಆ ವೇಳೆಗೆ ಬಿಡುಗಡೆ ಹೊಂದಿ ಜರ್ಮನಿಯಲ್ಲಿ ಸ್ವತಂತ್ರನಾಗಿದ್ದನು. ಅವನು ತೀರಿಕೊಂಡುದು 1970ರಲ್ಲಿ.