ದಿಗ್ವ್ರತವೂ ಕೆರೆಯ ಎಲ್ಲೆಯೂ

ಶ್ರಾವಕನ ಗುಣವ್ರತಗಳಲ್ಲಿ ದಿಗ್ವ್ರತವು ಮೊದಲನೆಯದು. ನದಿ, ಪರ್ವತ, ಅರಣ್ಯಗಳಂತಹ ಪ್ರಸಿದ್ಧ ಗುರುತುಗಳನ್ನು ಮೇರೆಯಾಗಿಟ್ಟುಕೊಂಡು, ತನ್ನ ಸಂಚಾರ-ವ್ಯವಹಾರಗಳು ಹತ್ತು ದಿಕ್ಕುಗಳಲ್ಲಿಯೂ ಅದನ್ನು ಬಾಳಿನುದ್ದಕ್ಕೂ ಮೀರದಂತೆ ನಡೆಯುವುದೇ ಈ ವ್ರತ. ಮೇರೆಯ ಆಚೆ ಅವನಿಂದ ಸೂಕ್ಷ್ಮ ಹಿಂಸೆಯೂ ನಡೆಯದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ.

ಬೆಂಗಳೂರಿನ ಉತ್ತರಕ್ಕಿರುವ ಅಮೃತಹಳ್ಳಿ, ಜಕ್ಕೂರು, ರಾಚೇನಹಳ್ಳಿಗಳು ಕೆರೆಗಳ ಸೀಮೆ. ಹಿಂದೆ ಕೋಡಿಯ ಎತ್ತರವೇ ಕೆರೆಯ ತುಂಬುಮಟ್ಟವನ್ನು ನಿರ್ಣಯಿಸುತ್ತಿತ್ತು; ತೂಬಿನಿಂದ ಯಾರ ಗದ್ದೆಗೆ ಎಷ್ಟು ನೀರೆಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದನು. ಜಕ್ಕೂರಿನ ಕೋಡಿ ಹರಿದ ನೀರು ರಾಚೇನಹಳ್ಳಿಗೆ ಸೇರುವುದರಿಂದ, ಮೇಲಿನವರ ಅತಿಯಾಸೆ ಕೆಳಗಿನವರ ಕೊರತೆಯಾಗುತ್ತಿತ್ತು.

ನಗರ ಬೆಳೆದಂತೆ ಎಲ್ಲೆಯನ್ನು ಕಾಗದದಲ್ಲಿ ಬರೆಯಬೇಕಾಯಿತು. ಕೆರೆಗಳ ಸಂರಕ್ಷಣೆಗಾಗಿ ಸರ್ಕಾರವು 1985ರಲ್ಲಿ ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸಿತು. 2007ರಲ್ಲಿ ಅಂಗೀಕೃತವಾದ ನಗರಯೋಜನೆಯು ಕೆರೆಯ ಸುತ್ತ 30 ಮೀಟರ್ ಕಾದಿರಿಸಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅದನ್ನು 75 ಮೀಟರ್‌ಗೆ ಏರಿಸಿತು. ಶಾಸನಬದ್ಧ ಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್‌ನಲ್ಲಿ ಆ ಏರಿಕೆಯನ್ನು ರದ್ದುಗೊಳಿಸಿತು. ಎಲ್ಲೆಯನ್ನು ಇಡುವವರು ಯಾರೆಂಬುದು ಅಲ್ಲಿ ತೀರ್ಮಾನವಾಯಿತು. ಕೆರೆಗೆ ಎಷ್ಟು ಬೇಕೆಂಬ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಗೆ ನೀರೇ ಒಂದು ಅಳತೆಯನ್ನು ಕೊಡುತ್ತದೆ. ಮೀನುಗಳ ಸಂತಾನವೃದ್ಧಿಗೆ ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಿಗದಿಪಡಿಸಿದೆ. ನಕ್ಷೆಯ ಗೆರೆಯನ್ನು ತಿದ್ದಬಹುದು. ಉಸಿರಿಲ್ಲದ ಮೀನಿಗೆ ತಿದ್ದುಪಡಿ ನೆರವಾಗದು.

ತತ್ತ್ವಾರ್ಥಸೂತ್ರವು ದಿಗ್ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ಇಲ್ಲಿ ಸ್ಮರಣೀಯ. ಲೋಭದಿಂದ ಮೇರೆಯನ್ನು ಹಿಗ್ಗಿಸುವುದು ಕ್ಷೇತ್ರವೃದ್ಧಿ. ಇಟ್ಟುಕೊಂಡ ಮೇರೆಯನ್ನೇ ಮರೆಯುವುದು ಸ್ಮೃತ್ಯಂತರಾಧಾನ. ಕೆರೆಯಂಗಳಕ್ಕೆ ಮಣ್ಣು ಸುರಿಯುವವನದು ಮೊದಲನೆಯ ದೋಷ. ರಾಜಕಾಲುವೆ ಎಲ್ಲಿತ್ತೆಂಬುದನ್ನೇ ಅರಿಯದ ನಮ್ಮದು ಎರಡನೆಯದು.

ವ್ರತವು ಒಬ್ಬನದು, ಕೆರೆ ಎಲ್ಲರದು. ಒಬ್ಬನ ಸಂಯಮದಿಂದ ನೀರು ತಿಳಿಯಾಗದೆಂಬ ಆಕ್ಷೇಪ ನಿಜವೇ. ಅದಕ್ಕಾಗಿಯೇ ಕಾನೂನು ಬೇಕು. ಜಕ್ಕೂರಿನಲ್ಲಿ ಕೊಳಚೆನೀರು ಶುದ್ಧೀಕರಣ ಘಟಕವನ್ನೂ ಜೊಂಡು ಬೆಳೆದ ಜೌಗನ್ನೂ ದಾಟಿ ಕೆರೆ ಸೇರುವಂತೆ ಮಾಡಿದ್ದು ಸಾಮೂಹಿಕ ಪ್ರಯತ್ನದ ಫಲ. ಆದರೆ ಮೇರೆಯನ್ನು ನೆನಪಿಟ್ಟುಕೊಳ್ಳುವವರಿಲ್ಲದೆ ಕಾನೂನೂ ಬಾಳದು. ನೀರನ್ನು ಸೋಸಿ ಕುಡಿಯುವ ಶ್ರಾವಕರು, ತಮ್ಮ ಮನೆಯಿಂದ ಹೊರಹೋದ ನೀರು ಯಾವ ಕೆರೆಯನ್ನು ಸೇರುವುದೆಂದು ಒಮ್ಮೆ ವಿಚಾರಿಸಿ ತಿಳಿಯಲಿ.