ಪೆಟ್ರೋಲ್-ಡೀಸೆಲ್ ಬೆಲೆ ಏರಿಕೆ ವಿರುದ್ಧ ರಸ್ತೆಗಿಳಿಯುವ ಮುನ್ನ: ಕಾನೂನು ಏನು ಹೇಳುತ್ತದೆ?

ಪೆಟ್ರೋಲ್ ಬೆಲೆ ಏರಿಕೆ ಖಂಡಿಸಿ 1973ರ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಸಿದ್ದರಾಮಯ್ಯ ಹಾಗೂ ಡಿ.ಕೆ. ಶಿವಕುಮಾರ್ ಎತ್ತಿನ ಗಾಡಿ ಏರಿ ವಿಧಾನಸೌಧಕ್ಕೆ ಹೊರಟರು. ಆಡಳಿತದಲ್ಲಿ ಯಾರೇ ಇರಲಿ, ಇಂಧನ ದುಬಾರಿಯಾದಾಗ ಜನ ರಸ್ತೆಗಿಳಿಯುವುದು ಹೊಸದಲ್ಲ. ಆದರೆ ನಾಯಕರಿಗೆ ಪ್ರಕರಣ ಎದುರಿಸಲು ಪಕ್ಷದ ಬೆಂಬಲವಿರುತ್ತದೆ. ಕ್ಯಾಬ್ ಚಾಲಕ ಅಥವಾ ಲಾರಿ ಮಾಲೀಕನಿಗೆ ಒಂದು ಎಫ್‌ಐಆರ್ ಎಂದರೆ ವರ್ಷಗಟ್ಟಲೆ ಕೋರ್ಟ್ ಅಲೆದಾಟ. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್‌ಗೂ ತೊಡಕಾಗುತ್ತದೆ. ಹಾಗಾಗಿ ಗೆರೆ ಎಲ್ಲಿದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹಕ್ಕು ಎಲ್ಲಿಯವರೆಗೆ?

ಆಯುಧಗಳಿಲ್ಲದೆ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಸಂವಿಧಾನದ 19(1)(ಬಿ) ವಿಧಿ ನೀಡಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಇದಕ್ಕೆ ಸಮಂಜಸ ನಿರ್ಬಂಧ ಹೇರಲು 19(3)ನೇ ವಿಧಿ ಅವಕಾಶ ಕೊಡುತ್ತದೆ. ರಸ್ತೆಯಲ್ಲಿ ನಡೆಯುವ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದು ಹಿಮ್ಮತ್ ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಶಾಹೀನ್ ಬಾಗ್ ಪ್ರಕರಣದ 2020ರ ಅಕ್ಟೋಬರ್ ತೀರ್ಪು ಇದರ ಇನ್ನೊಂದು ಮುಖ: ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳುವಂತಿಲ್ಲ.

ರಸ್ತೆ ತಡೆ ಏಕೆ ಅಪಾಯ?

ರಸ್ತೆ ಬದಿಯಲ್ಲಿ ಫಲಕ ಹಿಡಿದು ನಿಲ್ಲುವುದು, ಅನುಮತಿ ಪಡೆದ ಮಾರ್ಗದಲ್ಲಿ ಮೆರವಣಿಗೆ ಹೋಗುವುದು ಪ್ರತಿಭಟನೆ. ವಾಹನ ಅಡ್ಡ ನಿಲ್ಲಿಸಿ ಇತರರ ಸಂಚಾರ ತಡೆದರೆ ಅದು ಅಪರಾಧವಾಗಬಹುದು.

* ಸಾರ್ವಜನಿಕ ದಾರಿಗೆ ಅಡ್ಡಿ: ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 285ರಡಿ 5,000 ರೂ.ವರೆಗೆ ದಂಡ.
* ಅಕ್ರಮವಾಗಿ ತಡೆಯುವುದು: ಸೆಕ್ಷನ್ 126ರಡಿ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ ದಂಡ.
* ಆಂಬುಲೆನ್ಸ್‌ಗೆ ದಾರಿ ಬಿಡದಿರುವುದು: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಇ ಅಡಿ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ.
* ರಾಷ್ಟ್ರೀಯ ಹೆದ್ದಾರಿಗೆ ಹಾನಿ ಮಾಡಿ ಸಂಚಾರಕ್ಕೆ ಅಯೋಗ್ಯಗೊಳಿಸುವುದು: ಹೆದ್ದಾರಿ ಕಾಯ್ದೆಯ ಸೆಕ್ಷನ್ 8ಬಿ ಅಡಿ ಐದು ವರ್ಷದವರೆಗೆ ಜೈಲು.

ಬಲವಂತದ ಬಂದ್ ಅಸಾಂವಿಧಾನಿಕ ಎಂದು ಕೇರಳ ಹೈಕೋರ್ಟ್ 1997ರಲ್ಲಿ ತೀರ್ಪು ನೀಡಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2003ರ ಮುಂಬೈ ಬಂದ್‌ಗಾಗಿ ಶಿವಸೇನೆ ಮತ್ತು ಬಿಜೆಪಿಗೆ ಬಾಂಬೆ ಹೈಕೋರ್ಟ್ ತಲಾ 20 ಲಕ್ಷ ರೂ. ದಂಡ ವಿಧಿಸಿತ್ತು.

ಅನುಮತಿ ಪಡೆಯುವುದು ಹೇಗೆ?

ದಿನಾಂಕ, ಸಮಯ, ಸ್ಥಳ ಅಥವಾ ಮಾರ್ಗ, ಅಂದಾಜು ಜನ ಮತ್ತು ವಾಹನಗಳ ಸಂಖ್ಯೆ, ಸಂಘಟಕರ ಹೆಸರು ಹಾಗೂ ಮೊಬೈಲ್ ಸಂಖ್ಯೆ ಬರೆದು ಪೊಲೀಸರಿಗೆ ಅರ್ಜಿ ಸಲ್ಲಿಸಬೇಕು. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಧ್ವನಿವರ್ಧಕಕ್ಕೆ ಪ್ರತ್ಯೇಕ ಲಿಖಿತ ಅನುಮತಿ ಬೇಕು. ಅನುಮತಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬಹುದು, ಅದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಬಹುದು.

ಸಂಘಟಕರು ಪೊಲೀಸರೊಂದಿಗೆ ಕುಳಿತು ಮಾರ್ಗ ನಿಗದಿ ಮಾಡಬೇಕು, ಲಾಠಿ ಸೇರಿ ಯಾವುದೇ ಆಯುಧ ಇರಬಾರದು, ಪ್ರಮುಖ ಜಂಕ್ಷನ್‌ಗಳಲ್ಲಿ ಸ್ವಯಂಸೇವಕರು ನಿಲ್ಲಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ನೀಡಿದೆ.

ಯಾವ ನಗರದಲ್ಲಿ ಏನು ನಿಯಮ?

ಬೆಂಗಳೂರು: ಫ್ರೀಡಂ ಪಾರ್ಕ್‌ನಲ್ಲಿ ಮಾತ್ರ ಪ್ರತಿಭಟನೆ ಎಂಬುದು 2021ರ ಆದೇಶ.

ಮುಂಬೈ, ಪುಣೆ: ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ ಸೆಕ್ಷನ್ 37ರಡಿ ಗುಂಪು ಸೇರುವುದನ್ನು ನಿರ್ಬಂಧಿಸುವ ಆದೇಶಗಳು ಆಗಾಗ ಜಾರಿಯಲ್ಲಿರುತ್ತವೆ. ಮುಂಬೈನಲ್ಲಿ ಆಜಾದ್ ಮೈದಾನವೇ ಪ್ರತಿಭಟನೆಯ ಜಾಗ. 2025ರ ಆಗಸ್ಟ್‌ನಲ್ಲಿ ಮರಾಠಾ ಮೀಸಲಾತಿ ಹೋರಾಟಕ್ಕೆ ಇಲ್ಲಿ 5,000 ಜನರ ಮಿತಿ ಹಾಕಿ ಅನುಮತಿ ನೀಡಲಾಗಿತ್ತು. ಜನ ಸುತ್ತಲಿನ ರಸ್ತೆಗಳಿಗೂ ಹರಡಿದಾಗ ಹೈಕೋರ್ಟ್ ಮಧ್ಯಪ್ರವೇಶಿಸಿ ರಸ್ತೆ ತೆರವಿಗೆ ಸೂಚಿಸಿತು.

ಚೆನ್ನೈ: 1888ರ ಪೊಲೀಸ್ ಕಾಯ್ದೆಯ ಸೆಕ್ಷನ್ 41ರ ಪ್ರಕಾರ ಐದು ದಿನ ಮೊದಲೇ ಅರ್ಜಿ ಸಲ್ಲಿಸಬೇಕು.

ಹೈದರಾಬಾದ್: ಇಂದಿರಾ ಪಾರ್ಕ್ ಬಳಿಯ ಧರಣಾ ಚೌಕ್ ಪ್ರಮುಖ ತಾಣ.

ದೆಹಲಿ: ಜಂತರ್ ಮಂತರ್‌ನಲ್ಲಿ 2017ರಲ್ಲಿ ಹಸಿರು ನ್ಯಾಯಮಂಡಳಿ ಹೇರಿದ್ದ ಸಂಪೂರ್ಣ ನಿಷೇಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತೆರವುಗೊಳಿಸಿದೆ.

ಸೈಕಲ್, ಬೈಕ್, ಎತ್ತಿನ ಗಾಡಿ

ಸೈಕಲ್ ಜಾಥಾ ಅಥವಾ ಬೈಕ್ ತಳ್ಳಿಕೊಂಡು ಹೋಗುವ ಮೆರವಣಿಗೆ ರಸ್ತೆಯ ಒಂದೇ ಬದಿಯಲ್ಲಿ ಸಾಗಲಿ, ಮತ್ತೊಂದು ಬದಿ ವಾಹನಗಳಿಗೆ ತೆರೆದಿರಲಿ. ಬೈಕ್ ಓಡಿಸುವುದಾದರೆ ಹೆಲ್ಮೆಟ್‌ಗೆ ವಿನಾಯಿತಿ ಇಲ್ಲ. ಎತ್ತಿನ ಗಾಡಿಗೆ ಮಿತಿಮೀರಿ ಜನ ಹತ್ತಿದರೆ ಪ್ರಾಣಿ ಹಿಂಸೆ ತಡೆ ಕಾಯ್ದೆ ಅನ್ವಯಿಸಬಹುದು. 2021ರ ಜುಲೈನಲ್ಲಿ ಮುಂಬೈನಲ್ಲಿ ಬೆಲೆ ಏರಿಕೆ ವಿರುದ್ಧ ನಡೆದ ಕಾಂಗ್ರೆಸ್ ಪ್ರತಿಭಟನೆಯಲ್ಲಿ ಭಾರ ತಾಳದೆ ಗಾಡಿಯೇ ಕುಸಿದಿತ್ತು.

ಪೊಲೀಸರು ವಶಕ್ಕೆ ಪಡೆದರೆ?

ಹಿಂದಿನ ಸೆಕ್ಷನ್ 144 ಈಗ ಬಿಎನ್‌ಎಸ್‌ಎಸ್‌ನ ಸೆಕ್ಷನ್ 163. ಈ ನಿಷೇಧಾಜ್ಞೆ ಇದ್ದಾಗ ಗುಂಪು ಸೇರಬಾರದು. ಆದರೆ ನ್ಯಾಯಸಮ್ಮತ ಅಭಿಪ್ರಾಯ ಹತ್ತಿಕ್ಕಲು ಇದನ್ನು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅನುರಾಧಾ ಭಸಿನ್ ತೀರ್ಪಿನಲ್ಲಿ ಹೇಳಿದೆ. ಚದುರುವಂತೆ ಪೊಲೀಸರು ಆದೇಶಿಸಿದರೆ ಸ್ಥಳದಲ್ಲಿ ವಾದಕ್ಕಿಳಿಯದೆ ಹೊರಡುವುದು, ಬಳಿಕ ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಸುರಕ್ಷಿತ. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಹೊರತುಪಡಿಸಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ.

ಬೇಡಿಕೆ ಯಾರ ಮುಂದೆ?

ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯಲ್ಲಿಲ್ಲ. ಅಬಕಾರಿ ಸುಂಕ ಕೇಂದ್ರದ್ದು, ಮಾರಾಟ ತೆರಿಗೆ ಅಥವಾ ವ್ಯಾಟ್ ರಾಜ್ಯದ್ದು. 2025ರ ಏಪ್ರಿಲ್ 1ರಿಂದ ಕರ್ನಾಟಕ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿ ರಾಜ್ಯ ಸರ್ಕಾರದ ಜತೆಗೇ ಮಾತುಕತೆಗೆ ಕುಳಿತರು. ಬೆಲೆ ಏರಿದ್ದು ಯಾವ ತೆರಿಗೆಯಿಂದ ಎಂದು ತಿಳಿದುಕೊಂಡು ಅದನ್ನು ಇಳಿಸಬಲ್ಲವರಿಗೇ ಮನವಿ ಪತ್ರ ಸಲ್ಲಿಸಿದರೆ, ಯಾರ ದಾರಿಯನ್ನೂ ತಡೆಯದೆ ಬೇಡಿಕೆಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸಬಹುದು.